ಕಡಲಲ್ಲಿ ತೆತ್ತ ಜೀವ, ದಡದಲ್ಲಿ ಉಳಿಸಿದ ಕಾಸು

1929ರ ಕೊನೆಯಲ್ಲಿ ಇರ್ವಿಂಗ್ ಜಾನ್ಸನ್ ಎಂಬ ಅಮೆರಿಕದ ತರುಣ ಸಿನಿಮಾ ಕ್ಯಾಮೆರಾ ಹಿಡಿದುಕೊಂಡು ‘ಪೀಕಿಂಗ್’ ಎಂಬ ಹಾಯಿಹಡಗು ಹತ್ತಿದ. ನಾಲ್ಕು ಕಂಬಗಳ, ಉಕ್ಕಿನ ಮೈಯ ಆ ಹಡಗು ಜರ್ಮನಿಯ ಹ್ಯಾಂಬರ್ಗ್‌ನಿಂದ ಹೊರಟು, ದಕ್ಷಿಣ ಅಮೆರಿಕದ ತುದಿಯಲ್ಲಿರುವ ಕೇಪ್ ಹಾರ್ನ್ ಬಳಸಿ ಚಿಲಿ ದೇಶ ಸೇರಬೇಕಿತ್ತು. ದಾರಿಯಲ್ಲಿ ಬಿರುಗಾಳಿ ಎದ್ದಾಗ ಜಾನ್ಸನ್ ಕಂಬ ಹತ್ತಿ ಕೂತು ಕೆಳಗಿನ ಡೆಕ್ಕನ್ನು ಚಿತ್ರಿಸಿದ. ಆ ಚಿತ್ರ ಇಂದಿಗೂ ನೋಡಸಿಗುತ್ತದೆ. ಅಲೆಯೊಂದು ಹಡಗಿನ ಅಂಚು ದಾಟಿ ಒಳನುಗ್ಗುತ್ತದೆ, ಹಗ್ಗ ಎಳೆಯುತ್ತಿದ್ದವರೆಲ್ಲ ಕಣ್ಮರೆಯಾಗುತ್ತಾರೆ, ನೀರು ಇಳಿದಾಗ ಸಿಕ್ಕಿದ್ದನ್ನು ಅಪ್ಪಿಕೊಂಡು ಒಬ್ಬೊಬ್ಬರೇ ಮೇಲೇಳುತ್ತಾರೆ. ಮತ್ತೆ ಅದೇ ಹಗ್ಗ, ಅದೇ ಎಳೆತ. ನೋಡಿದವರ ಮೈ ಜುಮ್ಮೆನ್ನುತ್ತದೆ. ಅಂಥ ಗಂಡೆದೆ ಈಗೆಲ್ಲಿ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಆ ಧೈರ್ಯದ ಬಗ್ಗೆ ಯಾರಿಗೂ ಅನುಮಾನ ಬೇಡ. ಆದರೆ ಹಾಯಿಹಡಗುಗಳ ಕಥೆ ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತಾರೆ. ಆ ಹುಡುಗರನ್ನು ಆ ನೀರಿಗೆ ಕಳಿಸಿದವರು ಯಾರು, ಗಾಳಿ ಇಳಿಯುವವರೆಗೆ ಕಾಯಲು ಅವರಿಗೇಕೆ ಆಗಲಿಲ್ಲ, ಕಾದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂಬುದನ್ನು ಕೇಳುವವರು ಕಡಿಮೆ. ಇನ್ನೂರು ವರ್ಷಗಳ ನೌಕಾ ದುರಂತಗಳನ್ನು ಹಿಡಿದು ನೋಡಿದರೆ, ಬಿರುಗಾಳಿಯ ತಲೆಗೆ ಕಟ್ಟಿದ ಎಷ್ಟೋ ಸಾವುಗಳ ಬೇರು ದಡದ ಮೇಲಿನ ಲೆಕ್ಕದ ಪುಸ್ತಕದಲ್ಲಿ ಸಿಗುತ್ತದೆ.

ಕೇಪ್ ಹಾರ್ನ್ ಇರುವುದು ದಕ್ಷಿಣದ 56ನೇ ಅಕ್ಷಾಂಶದ ಹತ್ತಿರ. ಅಲ್ಲಿ ಪಶ್ಚಿಮದ ಗಾಳಿಗೆ ಅಡ್ಡ ಬರುವ ನೆಲವೇ ಇಲ್ಲ. ಭೂಗೋಳ ಸುತ್ತಿಕೊಂಡು ಬರುವ ಆ ಗಾಳಿ ಮತ್ತು ಅದು ಎಬ್ಬಿಸಿದ ಅಲೆ, ಅಂಟಾರ್ಕ್ಟಿಕಾ ಮತ್ತು ದಕ್ಷಿಣ ಅಮೆರಿಕದ ನಡುವಿನ ಕಿರಿದಾದ ಸಂದಿಯಲ್ಲಿ ನುಗ್ಗಬೇಕು. ಯುರೋಪಿನಿಂದ ಚಿಲಿಗೆ ಹೋಗುವ ಹಾಯಿಹಡಗು ಅದೇ ಗಾಳಿಗೆ ಎದುರಾಗಿ, ಅಡ್ಡಡ್ಡ ಸಾಗುತ್ತಾ, ದಿನಕ್ಕೆ ಕೆಲವು ಮೈಲಿ ಗಳಿಸಿ ಮತ್ತೆ ಕಳೆದುಕೊಳ್ಳುತ್ತಾ ಹೋಗಬೇಕಿತ್ತು. 1905ರಲ್ಲಿ ‘ಸುಸಾನ್ನಾ’ ಎಂಬ ಜರ್ಮನ್ ಹಡಗಿಗೆ ಆ ತಿರುವು ದಾಟಲು 99 ದಿನ ಹಿಡಿಯಿತು. 1938ರಲ್ಲಿ ‘ಪ್ರಿವಾಲ್’ ಅದನ್ನೇ 5 ದಿನ 14 ಗಂಟೆಯಲ್ಲಿ ಮುಗಿಸಿತು. ದಾರಿ ಒಂದೇ. ಗಾಳಿ ಒಲಿದರೆ ವಾರದೊಳಗಿನ ಮಾತು, ಮುನಿದರೆ ಮೂರು ತಿಂಗಳು.

ಇಷ್ಟೆಲ್ಲ ಪಡಿಪಾಟಲು ಏತಕ್ಕೆಂದರೆ, ಚಿಲಿಯ ಮರುಭೂಮಿಯಲ್ಲಿ ಅಗೆದ ನೈಟ್ರೇಟ್ ಉಪ್ಪಿಗಾಗಿ. ಯುರೋಪಿನ ಹೊಲಗಳಿಗೆ ಅದು ಗೊಬ್ಬರ, ಕಾರ್ಖಾನೆಗಳಿಗೆ ಸಿಡಿಮದ್ದಿನ ಕಚ್ಚಾಮಾಲು. ಅದು ಕೊಳೆಯುವ ಸರಕಲ್ಲ, ಅವಸರವೂ ಇರಲಿಲ್ಲ. ಉಗಿಹಡಗಿಗೆ ಕಲ್ಲಿದ್ದಲು ಬೇಕು, ಹಾಯಿಗೆ ಬೇಕಾದ ಗಾಳಿ ಪುಕ್ಕಟೆ. 1914ರಲ್ಲಿ ಪನಾಮಾ ಕಾಲುವೆ ತೆರೆದ ಮೇಲೂ, ಗಾಳಿಯಿಂದಲೇ ನೈಟ್ರೇಟ್ ತಯಾರಿಸುವ ವಿದ್ಯೆ ಜರ್ಮನಿಯಲ್ಲಿ ಬಂದ ಮೇಲೂ ಈ ಹಡಗುಗಳು ಓಡುತ್ತಲೇ ಇದ್ದುದಕ್ಕೆ ಕಾರಣ, ಅವುಗಳಲ್ಲಿ ದುಡಿಯುವವರೂ ಹೆಚ್ಚುಕಡಿಮೆ ಗಾಳಿಯಷ್ಟೇ ಅಗ್ಗವಾಗಿ ಸಿಗುತ್ತಿದ್ದುದು.

ಆ ದುಡಿಮೆ ಹೇಗಿತ್ತೆಂದು ಒಮ್ಮೆ ಹತ್ತಿರದಿಂದ ನೋಡಬೇಕು. ಕೆಲಸ ನಾಲ್ಕು ಗಂಟೆಯ ಪಾಳಿಗಳಲ್ಲಿ. ನಾಲ್ಕು ಗಂಟೆ ದುಡಿದು ನಾಲ್ಕು ಗಂಟೆ ಮಲಗುವುದು ಎಂಬುದು ಕಾಗದದ ಮೇಲಿನ ಮಾತು, ಏಕೆಂದರೆ ಗಾಳಿ ಜೋರಾದರೆ ಎರಡೂ ಪಾಳಿಯವರು ಮೇಲೆ ಬರಬೇಕು. ನಡುರಾತ್ರಿಯಲ್ಲಿ ಕೂಗು ಬೀಳುತ್ತದೆ. ಒದ್ದೆ ಹಾಸಿಗೆಯಿಂದ ಎದ್ದು, ಒದ್ದೆ ಬಟ್ಟೆಯ ಮೇಲೆ ಎಣ್ಣೆ ಹಚ್ಚಿದ ಅಂಗಿ ತೊಟ್ಟು, ನೀರು ನುಗ್ಗದಂತೆ ಮಣಿಕಟ್ಟಿಗೂ ಸೊಂಟಕ್ಕೂ ದಾರ ಬಿಗಿದುಕೊಂಡು ಹೊರಬರುತ್ತಾರೆ. ಹಗ್ಗದ ಏಣಿ ಹತ್ತುವುದು ಗಾಳಿ ಬೀಸುವ ಮಗ್ಗುಲಿನಿಂದಲೇ. ಆಗ ಗಾಳಿ ಮೈಯನ್ನು ಏಣಿಗೆ ಒತ್ತಿ ಹಿಡಿಯುತ್ತದೆ, ಇನ್ನೊಂದು ಮಗ್ಗುಲಿನಿಂದ ಹತ್ತಿದರೆ ಕಿತ್ತೊಯ್ಯುತ್ತದೆ. ಸುಮಾರು 50 ಮೀಟರ್ ಎತ್ತರದ ಕಂಬ. ಅದಕ್ಕೆ ಅಡ್ಡವಾಗಿ ಕಟ್ಟಿದ ತೊಲೆಯ ಕೆಳಗೆ ಜೋತುಬಿದ್ದ ಒಂದೇ ಹಗ್ಗದ ಮೇಲೆ ಕಾಲಿಟ್ಟು, ತೊಲೆಯ ಮೇಲೆ ಹೊಟ್ಟೆ ಊರಿ, ಎರಡೂ ಕೈಯಿಂದ ಹಾಯಿಯನ್ನು ಬಾಚಿ ಮೇಲೆಳೆದುಕೊಳ್ಳಬೇಕು. ನೆನೆದು ಹೆಪ್ಪುಗಟ್ಟಿದ ಹಾಯಿ ಹಲಗೆಯಷ್ಟು ಗಟ್ಟಿ. ಕೈಗವಸು ಹಾಕಿದರೆ ಹಿಡಿತ ಸಿಗದು, ಹಾಕದಿದ್ದರೆ ಉಗುರು ಕಿತ್ತುಬರುತ್ತದೆ. ಕೆಳಗೆ ಹಡಗು ಒಂದಷ್ಟು ವಾಲಿದರೂ ತುದಿಯಲ್ಲಿರುವವನು ಅಲೆಗಳ ಮೇಲೆ ಈ ಕಡೆಯಿಂದ ಆ ಕಡೆಗೆ ತೂಗಾಡುತ್ತಾನೆ. ಒಂದು ಹಾಯಿ ಸುತ್ತಿ ಕಟ್ಟುವಷ್ಟರಲ್ಲಿ ಗಂಟೆಗಳೇ ಕಳೆದುಹೋಗುತ್ತಿದ್ದವು. ಪೀಕಿಂಗ್‌ನಂಥ ಹಡಗಿನಲ್ಲಿ ಅಂಥ ಹಾಯಿಗಳು ಮೂವತ್ತಕ್ಕೂ ಹೆಚ್ಚು.

ಇಳಿದು ಬಂದವರಿಗೆ ಬಿಸಿ ಊಟ ಸಿಕ್ಕರೆ ಪುಣ್ಯ. ಅಡುಗೆಮನೆಗೆ ನೀರು ನುಗ್ಗಿ ಒಲೆ ಆರಿರುತ್ತಿತ್ತು. ಉಪ್ಪು ಹಾಕಿಟ್ಟ ಮಾಂಸ, ಹುಳು ಬಿದ್ದ ಗಟ್ಟಿ ಬಿಸ್ಕತ್ತು. ಉಪ್ಪುನೀರು, ಅಂಗಿಯ ತೋಳಂಚು ಎರಡೂ ಉಜ್ಜಿ ಉಜ್ಜಿ ಮಣಿಕಟ್ಟಿನ ಸುತ್ತ ಕುರು ಏಳುತ್ತಿದ್ದವು, ಒಣಗಲು ಅವಕಾಶವೇ ಇಲ್ಲದೆ ವಾರಗಟ್ಟಲೆ ಕೀವಾಗಿರುತ್ತಿದ್ದವು. ಚುಕ್ಕಾಣಿ ಹಿಡಿದವರಿಗೆ ಹಿಂತಿರುಗಿ ನೋಡಬೇಡಿ ಎಂಬ ತಾಕೀತು ಇರುತ್ತಿತ್ತು. ಬೆನ್ನಟ್ಟಿ ಬರುವ ಅಲೆಯ ಎತ್ತರ ಕಂಡರೆ ಕೈ ನಡುಗಿ ಹಡಗು ದಿಕ್ಕು ತಪ್ಪೀತು ಎಂಬ ಭಯ. ಯಾರಾದರೂ ನೀರಿಗೆ ಬಿದ್ದರೆ? ಆ ಗಾಳಿಯಲ್ಲಿ ಹಡಗನ್ನು ತಿರುಗಿಸುವಂತಿಲ್ಲ, ದೋಣಿ ಇಳಿಸಿದರೆ ಅದರಲ್ಲಿದ್ದವರೂ ಹೋದಂತೆಯೇ. ಬಿದ್ದವನಿಗೂ ಅದು ಗೊತ್ತು, ನೋಡುತ್ತ ನಿಂತವರಿಗೂ ಗೊತ್ತು.

ಇಂಥ ಕೆಲಸಕ್ಕೆ ಹಣ ಕೊಟ್ಟು ಸೇರಿದವರೂ ಇದ್ದರು. ಫಿನ್ಲೆಂಡಿನ ಓಲಾಂಡ್ ದ್ವೀಪಗಳ ಗುಸ್ತಾಫ್ ಎರಿಕ್ಸನ್ ಎರಡು ಮಹಾಯುದ್ಧಗಳ ನಡುವೆ ಜಗತ್ತಿನ ಕೊನೆಯ ದೊಡ್ಡ ಹಾಯಿಹಡಗುಗಳನ್ನು ಅಗ್ಗದಲ್ಲಿ ಕೊಂಡು, ಆಸ್ಟ್ರೇಲಿಯಾದ ಗೋಧಿಯನ್ನು ಯುರೋಪಿಗೆ ಸಾಗಿಸುತ್ತಿದ್ದ. ಹಡಗುಗಳಿಗೆ ಅವನು ವಿಮೆ ಮಾಡಿಸುತ್ತಿರಲಿಲ್ಲ. ಕೆಲಸಗಾರರ ದೊಡ್ಡ ಪಾಲು ಹದಿಹರೆಯದ ಹುಡುಗರು, ಅವರಲ್ಲಿ ಹಲವರು ತಾವೇ ಶುಲ್ಕ ಕಟ್ಟಿ ಬಂದ ಅಪ್ರೆಂಟಿಸುಗಳು. ಮುಂದೆ ಪ್ರವಾಸ ಸಾಹಿತ್ಯದಲ್ಲಿ ಹೆಸರು ಮಾಡಿದ ಎರಿಕ್ ನ್ಯೂಬಿ 1938ರಲ್ಲಿ 18ರ ವಯಸ್ಸಿನಲ್ಲಿ ‘ಮೊಶುಲು’ ಹಡಗು ಸೇರಿದಾಗ ಅವನ ತಂದೆ 50 ಪೌಂಡ್ ಕಟ್ಟಿದ್ದರು. ಮೂರು ಸಾವಿರ ಟನ್‌ಗಿಂತ ದೊಡ್ಡ ಹಡಗನ್ನು ಮೂವತ್ತರ ಆಸುಪಾಸಿನ ಜನ ನಡೆಸುತ್ತಿದ್ದರು. ಆ ಪಯಣ ನ್ಯೂಬಿಗೆ ಜೀವಮಾನದ ಅನುಭವವಾಯಿತು, ಓದುಗರಿಗೆ ಸೊಗಸಾದ ಪುಸ್ತಕವೂ ದಕ್ಕಿತು. ಹಾಗೆಂದು ಎರಿಕ್ಸನ್‌ನ ವ್ಯವಹಾರ ಲಾಭ ಕಂಡ ಬಗೆಯನ್ನು ಮರೆಯಬಾರದು.

ದುಡ್ಡಿನ ತೂಕ ಎಷ್ಟು ಬರಿಗಣ್ಣಿಗೆ ಕಾಣುತ್ತಿತ್ತು ಎಂಬುದಕ್ಕೆ 1856ರ ಒಂದು ಪ್ರಸಂಗವಿದೆ. ‘ನೆಪ್ಚೂನ್ಸ್ ಕಾರ್’ ಎಂಬ ಕ್ಲಿಪ್ಪರ್ ಹಡಗು ನ್ಯೂಯಾರ್ಕ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿತ್ತು. ಕ್ಲಿಪ್ಪರ್‌ಗಳೆಂದರೆ ವೇಗಕ್ಕೇ ಹೆಸರಾದವು, ಮೊದಲು ತಲುಪಿದ ಸರಕಿಗೆ ಒಳ್ಳೆಯ ಬೆಲೆ. ಕರ್ತವ್ಯಲೋಪಕ್ಕಾಗಿ ಕ್ಯಾಪ್ಟನ್ ಜೋಶುವಾ ಪ್ಯಾಟನ್ ತನ್ನ ಮೊದಲ ಸಹಾಯಕನನ್ನು ಕೂಡಿಹಾಕಿದ್ದ. ಕೇಪ್ ಹಾರ್ನ್ ಸಮೀಪಿಸುವ ಹೊತ್ತಿಗೆ ಅವನೇ ಕಾಯಿಲೆಯಿಂದ ಕುಸಿದುಬಿದ್ದ. ಎರಡನೆಯ ಸಹಾಯಕನಿಗೆ ಸೂರ್ಯ ನಕ್ಷತ್ರ ಅಳೆದು ದಾರಿ ಲೆಕ್ಕ ಹಾಕುವ ವಿದ್ಯೆ ಬಾರದು. ಅದು ಬರುತ್ತಿದ್ದುದು ಕ್ಯಾಪ್ಟನ್‌ನ ಹೆಂಡತಿ ಮೇರಿಗೆ. ಹಿಂದಿನ ಪಯಣದಲ್ಲಿ ಹೊತ್ತು ಕಳೆಯಲು ಕಲಿತದ್ದು. ವಯಸ್ಸು 19, ಬಸುರಿ ಬೇರೆ. ಕೂಡಿಹಾಕಿದ್ದ ಸಹಾಯಕ ಅಧಿಕಾರ ಮರಳಿ ಕೇಳಿದ. ಮೇರಿ ಒಪ್ಪಲಿಲ್ಲ, ನಾವಿಕರು ಅವಳ ಬೆನ್ನಿಗೆ ನಿಂತರು. ಗಂಡನ ಆರೈಕೆ ಮಾಡುತ್ತಲೇ ಅವಳು ಹಡಗನ್ನು ಕೇಪ್ ಹಾರ್ನ್ ದಾಟಿಸಿ ನವೆಂಬರ್ 15ರಂದು ಸ್ಯಾನ್‌ಫ್ರಾನ್ಸಿಸ್ಕೊ ಮುಟ್ಟಿಸಿದಳು. ಹಡಗನ್ನೂ ಅದರ ತುಂಬ ಇದ್ದ ಸರಕನ್ನೂ ಉಳಿಸಿಕೊಟ್ಟಿದ್ದಕ್ಕೆ ವಿಮಾದಾರರು ಕೊಟ್ಟಿದ್ದು 1,000 ಡಾಲರ್. ಮರುವರ್ಷ ಗಂಡ ತೀರಿಕೊಂಡ. 24 ತುಂಬುವ ಮೊದಲೇ ಮೇರಿಯೂ ಕ್ಷಯಕ್ಕೆ ಬಲಿಯಾದಳು. ಪತ್ರಿಕೆಗಳು ಅವಳನ್ನು ವೀರನಾರಿಯೆಂದು ಹೊಗಳಿದ್ದವು. ಹೊಗಳಿಕೆಗೆ ಖರ್ಚಿಲ್ಲ.

ಈ ಲೆಕ್ಕಕ್ಕೆ ಕೈಹಾಕಿದ ಮೊದಲಿಗರಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಒಬ್ಬ. ಬ್ರಿಟನ್ನಿನ ಡರ್ಬಿ ಕ್ಷೇತ್ರದ ಸಂಸದ. ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ವಿಮೆ ಮಾಡಿಸಿ ಕಡಲಿಗೆ ಬಿಡುವ ಮಾಲೀಕರಿದ್ದ ಕಾಲ ಅದು. ಮುಳುಗಿದರೂ ಅವರಿಗೆ ನಷ್ಟವಿಲ್ಲ. ಅಂಥವನ್ನು ಜನ ಶವಪೆಟ್ಟಿಗೆ ಹಡಗುಗಳೆಂದೇ ಕರೆಯುತ್ತಿದ್ದರು. 1873ರಲ್ಲಿ ಪ್ಲಿಮ್ಸಾಲ್ ಇದರ ಬಗ್ಗೆ ಪುಸ್ತಕ ಬರೆದ. 1875ರ ಜುಲೈನಲ್ಲಿ ಸರಕಾರ ಇದನ್ನು ತಡೆಯುವ ಮಸೂದೆಯನ್ನು ಕೈಬಿಟ್ಟಾಗ ಸಂಸತ್ತಿನಲ್ಲೇ ಸಿಡಿದೆದ್ದು, ಹಡಗು ಮಾಲೀಕ ಸದಸ್ಯರನ್ನು ಖಳರೆಂದು ಕೂಗಿ ಕರೆದ. ಮುಂದಿನ ವರ್ಷ ಕಾನೂನು ಬಂತು: ಹಡಗಿನ ಮೈಮೇಲೆ ಗೆರೆ ಎಳೆಯಬೇಕು, ಅದು ಮುಳುಗುವಷ್ಟು ಸರಕು ತುಂಬಬಾರದು. ಆದರೆ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಮಾಲೀಕರಿಗೇ ಬಿಟ್ಟಿದ್ದರು! ಅದನ್ನು ಸರಿಪಡಿಸಲು 1890ರವರೆಗೆ ಕಾಯಬೇಕಾಯಿತು. ಇಂದು ಮಂಗಳೂರಿನ ಬಂದರಿಗೆ ಬರುವ ಯಾವ ಸರಕುಹಡಗಿನ ಮೈ ನೋಡಿದರೂ ಅಡ್ಡಗೆರೆ ಹಾಯ್ದ ಆ ವೃತ್ತದ ಗುರುತು ಕಾಣುತ್ತದೆ. ಬಿರುಗಾಳಿಗೆ ಎದೆಯೊಡ್ಡಿದ ನೂರು ಕ್ಯಾಪ್ಟನ್‌ಗಳಿಗಿಂತ ಹೆಚ್ಚು ಜೀವ ಉಳಿಸಿದ್ದು ಆ ಒಂದು ಗೆರೆ ಎಂದರೆ ಅತಿಶಯವಾಗದು.

‘ಪಾಮೀರ್’ ದುರಂತ ನಡೆದದ್ದು ಇಷ್ಟೆಲ್ಲ ಕಾನೂನು ಬಂದ ಎಷ್ಟೋ ಕಾಲದ ಮೇಲೆ. 1905ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಟ್ಟಿದ ಹಡಗು ಅದು. 1949ರಲ್ಲಿ ಸರಕು ಹೊತ್ತು ಕೇಪ್ ಹಾರ್ನ್ ದಾಟಿದ ಕೊನೆಯ ಹಾಯಿಹಡಗೆಂಬ ಹೆಸರು ಅದರದು. ಆಮೇಲೆ ನಾವಿಕ ವಿದ್ಯಾರ್ಥಿಗಳ ತರಬೇತಿ ಹಡಗಾಯಿತು. ತರಬೇತಿಯ ಖರ್ಚು ಹುಟ್ಟಿಸಲು ಸರಕನ್ನೂ ಹೇರುತ್ತಿದ್ದರು. 1957ರ ಆಗಸ್ಟ್ 10ರಂದು ಅದು ಬ್ಯೂನಸ್ ಐರಿಸ್‌ನಿಂದ ಹೊರಟಾಗ ಒಳಗಿದ್ದುದು ಸುಮಾರು 3,800 ಟನ್ ಬಾರ್ಲಿ. ಹಿಂದೆಲ್ಲ ಧಾನ್ಯವನ್ನು ಚೀಲಗಳಲ್ಲಿ ತುಂಬಿ ಪೇರಿಸುತ್ತಿದ್ದರು. ಈ ಸಲ ಬಹುಪಾಲು ಬಾರ್ಲಿಯನ್ನು ಬಿಡಿಯಾಗಿ ಸುರಿಯಲಾಗಿತ್ತು, ಚೀಲಗಳು ಮೇಲ್ಪದರದಲ್ಲಿ ಮಾತ್ರ. ಹಡಗು ನೆಟ್ಟಗೆ ನಿಲ್ಲಲೆಂದು ನೀರು ತುಂಬುವ ತಳದ ತೊಟ್ಟಿಗಳಲ್ಲೂ ಬಾರ್ಲಿಯೇ ಇತ್ತು. ಸೆಪ್ಟೆಂಬರ್ 21ರಂದು ಅಟ್ಲಾಂಟಿಕ್ ನಡುವೆ ‘ಕ್ಯಾರಿ’ ಚಂಡಮಾರುತ ಹಿಡಿಯಿತು. ಹಡಗು ವಾಲಿತು. ಬಿಡಿ ಧಾನ್ಯ ಮೊರದಲ್ಲಿ ಕೇರಿದಂತೆ ಒಂದೇ ಮಗ್ಗುಲಿಗೆ ಸರಿಯಿತು. ಹಡಗು ಮತ್ತೆ ಏಳಲಿಲ್ಲ.

ಅದರಲ್ಲಿ 86 ಮಂದಿ ಇದ್ದರು. ಐವತ್ತಕ್ಕೂ ಹೆಚ್ಚು ಜನ ಕಲಿಯಲು ಬಂದ ಹುಡುಗರು. ಬದುಕಿದವರು ಆರು.

ಲ್ಯೂಬೆಕ್‌ನಲ್ಲಿ ನಡೆದ ವಿಚಾರಣೆ ಬಾರ್ಲಿ ತುಂಬಿದ ಬಗೆಯನ್ನೂ, ನೀರು ತುಂಬದ ತೊಟ್ಟಿಗಳನ್ನೂ ಎತ್ತಿ ಹೇಳಿತು. ಮಾಲೀಕರ ಕಡೆಯ ತಜ್ಞರು ಗಾಳಿಯ ರಭಸವನ್ನೇ ಮುಂದೆ ಮಾಡಿದರು. ಆದರೆ ಕೆಲವೇ ವಾರಗಳಲ್ಲಿ ಜೊತೆಯ ಹಡಗು ‘ಪಾಸಾಟ್’ನಲ್ಲೂ ಬಿರುಗಾಳಿಗೆ ಸಿಕ್ಕು ಬಾರ್ಲಿ ಸರಿಯಿತು. ಅದು ಹೇಗೋ ಬಂದರು ಸೇರಿ, ಅಲ್ಲಿಗೆ ತನ್ನ ಓಟ ನಿಲ್ಲಿಸಿತು. ಒಂದೇ ಋತುವಿನಲ್ಲಿ, ಒಂದೇ ಬಗೆಯ ಸರಕಿನಿಂದ ಎರಡು ಹಡಗು ಮಗ್ಗುಲಾದ ಮೇಲೂ ಅದನ್ನು ವಿಧಿ ಎನ್ನಲಾಗದು.

ಇದು ಹಳೆಯ ಕಥೆಯೂ ಅಲ್ಲ. 2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ‘ಸ್ಯಾಂಡಿ’ ಚಂಡಮಾರುತ ಬರುತ್ತಿದೆಯೆಂದು ದಿನಗಳ ಮೊದಲೇ ಎಲ್ಲರಿಗೂ ಗೊತ್ತಿತ್ತು. ಮರ್ಲನ್ ಬ್ರ್ಯಾಂಡೊ ನಟಿಸಿದ ಚಲನಚಿತ್ರಕ್ಕಾಗಿ 1960ರಲ್ಲಿ ಕಟ್ಟಿದ ‘ಬೌಂಟಿ’ ಎಂಬ ಮರದ ಹಾಯಿಹಡಗು ಅಕ್ಟೋಬರ್ 25ರಂದು ಕನೆಕ್ಟಿಕಟ್‌ನಿಂದ ಫ್ಲೋರಿಡಾಕ್ಕೆ ಹೊರಟುಬಿಟ್ಟಿತು. ಅದೇ ವರ್ಷ ರಿಪೇರಿಗೆ ನಿಂತಿದ್ದಾಗ ಮರದಲ್ಲಿ ಕೊಳೆತ ಭಾಗ ಕಂಡಿತ್ತು. ಹೊರಡುವ ಮುನ್ನ ಕ್ಯಾಪ್ಟನ್ ರಾಬಿನ್ ವಾಲ್ಬ್ರಿಜ್ ಎಲ್ಲರನ್ನೂ ಸೇರಿಸಿ, ಬೇಡವೆನಿಸಿದವರು ಇಳಿಯಬಹುದು ಎಂದಿದ್ದರು. ಒಬ್ಬರೂ ಇಳಿಯಲಿಲ್ಲ. 29ರ ಬೆಳಗಿನ ಜಾವ ಪಂಪುಗಳು ಸೋತು, ಉತ್ತರ ಕ್ಯಾರೊಲಿನಾದ ಆಚೆ ಹಡಗು ಮಗುಚಿತು. 16 ಮಂದಿಯಲ್ಲಿ 14 ಜನರನ್ನು ಕರಾವಳಿ ಪಡೆಯ ಹೆಲಿಕಾಪ್ಟರ್‌ಗಳು ಎತ್ತಿಕೊಂಡವು. ಒಬ್ಬ ಯುವತಿ ತೀರಿಕೊಂಡಳು, ಕ್ಯಾಪ್ಟನ್ ಸಿಗಲೇ ಇಲ್ಲ. ಚಂಡಮಾರುತದ ದಾರಿ ತಿಳಿದೂ ತಿಳಿದೂ ಹಡಗು ಬಿಟ್ಟ ನಿರ್ಧಾರವೇ ದುರಂತಕ್ಕೆ ಕಾರಣವೆಂದು ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 2014ರಲ್ಲಿ ನೇರವಾಗಿ ಹೇಳಿತು. ಇಳಿಯಬಹುದು ಎಂದು ಹೇಳಿದ್ದರಲ್ಲ ಎನ್ನುವವರಿದ್ದಾರೆ. ಜೊತೆಗಾರರೆಲ್ಲ ನಿಂತಿರುವಾಗ, ನಂಬಿದ ಕ್ಯಾಪ್ಟನ್‌ನ ಎದುರು ಒಬ್ಬ ಹೊಸಬ ಚೀಲ ಹೆಗಲಿಗೇರಿಸಿ ಇಳಿದುಹೋಗುವುದು ಎಷ್ಟು ಕಷ್ಟ ಎಂಬುದು ಯಾವುದೇ ಕೆಲಸದಲ್ಲಿ ದುಡಿದವರಿಗೂ ಗೊತ್ತಿರುತ್ತದೆ.

ಹಾಗಾದರೆ ಎತ್ತರದ ಹಾಯಿಹಡಗುಗಳೇ ಬೇಡವೇ? ಖಂಡಿತ ಬೇಕು. 1932ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಜರ್ಮನಿಯ ತರಬೇತಿ ಹಡಗು ‘ನಿಯೋಬೆ’ ಹಠಾತ್ ಗಾಳಿಗೆ ಮಗುಚಿ 69 ಜನ ಸತ್ತರು. ಜರ್ಮನ್ ನೌಕಾಪಡೆ ತರಬೇತಿ ನಿಲ್ಲಿಸಲಿಲ್ಲ, ಸುಲಭವಾಗಿ ಮಗುಚದ ಹೊಸ ಹಡಗು ಕಟ್ಟಿಸಿತು. ಆ ಮಾದರಿಯಲ್ಲೇ ಬಂದ ಹಡಗೊಂದು ‘ಈಗಲ್’ ಎಂಬ ಹೆಸರಿನಲ್ಲಿ ಇಂದೂ ಅಮೆರಿಕದ ಕರಾವಳಿ ಪಡೆಯ ವಿದ್ಯಾರ್ಥಿಗಳಿಗೆ ಕಲಿಸುತ್ತಿದೆ. ಭಾರತದ ನೌಕಾಪಡೆಗೂ ಗೋವಾದಲ್ಲಿ ಕಟ್ಟಿದ ಎರಡು ಹಡಗುಗಳಿವೆ: 1997ರಲ್ಲಿ ಸೇವೆಗೆ ಬಂದ ‘ತರಂಗಿಣಿ’, 2012ರಲ್ಲಿ ಬಂದ ‘ಸುದರ್ಶಿನಿ’. ಮೂರು ಕಂಬಗಳ ತರಂಗಿಣಿ 2003-04ರಲ್ಲಿ ಭೂಪ್ರದಕ್ಷಿಣೆ ಮುಗಿಸಿತು. ಗಾಳಿಯ ಮನಸ್ಸು ಅರಿಯುವುದು, ಪಕ್ಕದವನ ಕೈಯನ್ನು ನಂಬುವುದು, ಒಟ್ಟಾಗಿ ಎಳೆಯದಿದ್ದರೆ ಹಗ್ಗ ಅಲುಗದು ಎಂಬ ಅರಿವು, ಇವೆಲ್ಲ ಪರದೆಯ ಮುಂದೆ ಕೂತು ಬರುವಂಥವಲ್ಲ. ಅವುಗಳ ಜೊತೆಗೇ ಕಲಿಸಬೇಕಾದದ್ದು ಹೊರಡದೆ ಇರುವ ವಿದ್ಯೆ. ಬಿರುಗಾಳಿ ಎದುರಿಸಿದ ಕ್ಯಾಪ್ಟನ್‌ಗೆ ಸಿಗುವ ಪದಕ, ಬಂದರಿನಲ್ಲೇ ಮೂರು ದಿನ ಲಂಗರು ಹಾಕಿ ನಿಂತ ಕ್ಯಾಪ್ಟನ್‌ಗೂ ಸಿಗುವಂತಾಗಬೇಕು.

ಈ ವಿದ್ಯೆ ಅರಬ್ಬೀ ಸಮುದ್ರದ ದಡದವರಿಗೆ ಹೊಸದೇನಲ್ಲ. ಹಿಂದೆ ಮಲ್ಪೆ, ಕುಂದಾಪುರ, ಹೊನ್ನಾವರ, ಕುಮಟಾದಿಂದ ಅಕ್ಕಿ, ಮೆಣಸು, ಹೆಂಚು ಹೊತ್ತು ಹೋಗುತ್ತಿದ್ದ ಮಂಜಿ, ಪತ್ತೇಮಾರಿ ಎಂಬ ಹಾಯಿದೋಣಿಗಳು ಮುಂಗಾರು ಹಿಡಿಯುವ ಮುನ್ನ ದಡ ಸೇರುತ್ತಿದ್ದವು. ಮಳೆಗಾಲದ ತಿಂಗಳುಗಳಲ್ಲಿ ಹಾಯಿಗೆ ಕೆಲಸವಿಲ್ಲ. ಅವುಗಳನ್ನು ಮೇಲೆಳೆದು ಮಡಲಿನ ಮಾಡು ಕಟ್ಟಿ, ಬಿರುಕು ತುಂಬಿ, ಎಣ್ಣೆ ಹಚ್ಚುವ ಕಾಲ ಅದು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಹೊರಡುವುದು. ಮಾಲೀಕನ ಬಂಡವಾಳ ಮೂರು ತಿಂಗಳು ಸುಮ್ಮನೆ ಕೂರುತ್ತಿತ್ತು, ಅದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಯಾಂತ್ರಿಕ ದೋಣಿಗಳಿಗೆ ಈಗಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದೆ. ಮೀನು ಮರಿಮಾಡುವ ಕಾಲವೆಂಬುದು ಅದಕ್ಕೆ ಮುಖ್ಯ ಕಾರಣ, ಆದರೆ ಎಷ್ಟೋ ಜೀವಗಳನ್ನೂ ಅದು ಕಾಪಾಡುತ್ತದೆ.

ತೊಂದರೆ ಇರುವುದು ಪಂಚಾಂಗ ನೋಡದೆ ಬರುವ ಚಂಡಮಾರುತಗಳಿಂದ. ಅರಬ್ಬೀ ಸಮುದ್ರ ಬಿಸಿಯಾಗುತ್ತ ಬಂದಂತೆ ಅವುಗಳ ಬಲವೂ ಹೆಚ್ಚುತ್ತಿದೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಬಂದಾಗ ಮುನ್ಸೂಚನೆ ದಿನಗಳ ಮೊದಲೇ ಸಿಕ್ಕಿತ್ತು. ಕಾಪು ಸಮೀಪದ ಬಂಡೆಗಳಿಗೆ ಸಿಕ್ಕಿಬಿದ್ದ ಟಗ್‌ನಿಂದ 9 ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಪಡೆ ಸೇರಿ ಪಾರುಮಾಡಿದವು. ಮುಂಬೈ ಆಚೆಯ ತೈಲ ಪ್ರದೇಶದಲ್ಲಿ 261 ಜನರಿದ್ದ ‘ಪಿ-305’ ಎಂಬ ಬಾರ್ಜ್ ಬಂದರಿಗೆ ಮರಳದೆ ಅಲ್ಲೇ ಉಳಿದಿತ್ತು. ಲಂಗರುಗಳು ಕಿತ್ತುಹೋಗಿ ಮೇ 17ರಂದು ಅದು ಮುಳುಗಿತು. 70ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಆಮೇಲೆ ತಪ್ಪು ಬಾರ್ಜಿನ ಕ್ಯಾಪ್ಟನ್‌ನದೋ ಕಂಪನಿಯದೋ ಎಂಬ ವಾದ ನಡೆಯಿತು. ಆ ಕ್ಯಾಪ್ಟನ್ ವಾದಿಸಲು ಬದುಕಿರಲಿಲ್ಲ.

ಹಡಗಿನ ಸುರಕ್ಷತೆಗೆ ಬೇಕಾದ ನಿರ್ಧಾರ ತೆಗೆದುಕೊಳ್ಳದಂತೆ ಮಾಲೀಕನಾಗಲಿ, ಬಾಡಿಗೆದಾರನಾಗಲಿ ಕ್ಯಾಪ್ಟನ್‌ನ ಕೈಕಟ್ಟುವಂತಿಲ್ಲ ಎಂದು ‘ಸೋಲಾಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದ ಸ್ಪಷ್ಟವಾಗಿ ಹೇಳುತ್ತದೆ. ಕಾಗದದ ಮೇಲಿನ ಈ ಹಕ್ಕು ಕೆಲಸಕ್ಕೆ ಬರಬೇಕಾದರೆ, ಕಾದು ಕೂತ ದಿನಗಳ ನಷ್ಟ ಯಾರ ಪಾಲಿಗೆ ಎಂಬುದು ಗುತ್ತಿಗೆಯಲ್ಲೇ ಬರೆದಿರಬೇಕು. ಮುನ್ನೆಚ್ಚರಿಕೆ ಬಂದ ದಿನ ಕೆಲಸ ನಿಂತರೆ ದಂಡ ಹಾಕುವಂತಿಲ್ಲ ಎಂಬ ಷರತ್ತಿಲ್ಲದೆ ಸರಕಾರಿ ಕಂಪನಿಗಳು ಕಡಲ ಕಾಮಗಾರಿಗೆ ಸಹಿ ಹಾಕಬಾರದು. ಮಲ್ಪೆಯಲ್ಲಾಗಲಿ ಕಾರವಾರದಲ್ಲಾಗಲಿ ಕೆಂಪು ಎಚ್ಚರಿಕೆಯ ದಿನ ದೋಣಿ ಇಳಿಸದ ಖಲಾಸಿಗೆ ಆ ದಿನದ ಪಾಲು ಸಿಗುವುದಿಲ್ಲ. ಮಳೆಗಾಲದ ನಿಷೇಧದ ದಿನಗಳಿಗಾಗಿ ಮೀನುಗಾರರ ಉಳಿತಾಯಕ್ಕೆ ಕೇಂದ್ರ, ರಾಜ್ಯ ಸರಕಾರಗಳು ಹಣ ಸೇರಿಸಿ ಕೊಡುವ ಯೋಜನೆ ಆಗಲೇ ಇದೆ. ಚಂಡಮಾರುತದ ದಿನಗಳನ್ನೂ ಅದರೊಳಗೆ ತರುವುದು ದೊಡ್ಡ ಖರ್ಚಿನ ಮಾತೇನಲ್ಲ. ಕರಾವಳಿಯ ಶಾಸಕರು ಬರುವ ಬಜೆಟ್ಟಿಗೆ ಮೊದಲೇ ಇದನ್ನು ಕೇಳಬೇಕು.